ಇನ್ನೂರಿಪ್ಪತ್ತು ಗಣ್ಯರ ಮಿಕ್ಸಿ

ಫಕೀರೇಶನಿಗೆ ಉತ್ಪ್ರೇಕ್ಷೆ ಬರುತ್ತಿರಲಿಲ್ಲ. ಊರಿನ ವಾರಪತ್ರಿಕೆಯಲ್ಲಿ ಅವನದೊಂದು ವಿಡಂಬನೆಯ ಅಂಕಣವಿತ್ತು. ಗಟಾರು ತುಂಬಿದರೆ ‘ಗಟಾರು ತುಂಬಿದೆ’ ಎಂದೇ ಬರೆಯುತ್ತಿದ್ದ. ಓದಿದವರು ನಗುವ ಬದಲು ಮೂಗು ಮುಚ್ಚಿಕೊಳ್ಳುತ್ತಿದ್ದರು.

“ಇನ್ನೆರಡು ವಾರ ನೋಡ್ತೀನಿ. ನಗಿ ಬರಲಿಲ್ಲಂದ್ರ ಅಂಕಣ ಬಂದ್!” ಎಂದಿದ್ದರು ಸಂಪಾದಕ ಹೊಸಮನಿ.

ಮಿಕ್ಸಿ ರಿಪೇರಿ ಮಾಡುವ ಅವನ ಅಕ್ಕ ನಿಂಬವ್ವ ಮರುದಿನವೇ ಒಂದು ಯಂತ್ರ ತಂದು ಮೇಜಿನ ಮೇಲೆ ಕುಕ್ಕಿದಳು. ಕೆಳಗೆ ಹಳೇ ಪ್ರಿಂಟರು, ಮೇಲೆ ಚಟ್ನಿ ಜಾರು.

“ಖರೇ ಸುದ್ದಿ ಬರೆದ ಚೀಟಿ ಜಾರಿನಾಗ ಹಾಕು. ಒಂದನೇ ಸ್ಪೀಡಿಗೆ ಐದು ಪಟ್ಟು, ಎರಡನೇದಕ್ಕ ಹತ್ತು ಪಟ್ಟು!”

“ಮೂರನೇದಕ್ಕ?”

“ಮುಟ್ಟಬ್ಯಾಡ. ಸುಟ್ಟು ಹೊಕ್ಕೈತಿ.”

ಹಿಂದಿನ ದಿನವಷ್ಟೇ ಪುರಸಭೆಯವರು ಬಸ್ ನಿಲ್ದಾಣದಲ್ಲಿ ನೀರಿಲ್ಲದ ಶೌಚಾಲಯವೊಂದನ್ನು ಉದ್ಘಾಟಿಸಿದ್ದರು. ವೇದಿಕೆಯ ಮೇಲೆ ಇಪ್ಪತ್ತೆರಡು ಗಣ್ಯರು, ಕೆಳಗೆ ಒಂಬತ್ತು ಪ್ರೇಕ್ಷಕರು. ಫಕೀರೇಶ ಚೀಟಿ ಹಾಕಿ ಎರಡನೇ ಸ್ಪೀಡಿಗೆ ತಿರುವಿದ. ಗರ್ರ್! ಯಂತ್ರ ಕಕ್ಕಿದ ಹಾಳೆಯಲ್ಲಿ ಗಣ್ಯರು ಇನ್ನೂರಿಪ್ಪತ್ತು, ಪ್ರೇಕ್ಷಕ ಒಬ್ಬನೇ! ಅವನೂ ಅವಸರಕ್ಕೆ ಬಂದವನು. ವಂದನಾರ್ಪಣೆ ಮುಗಿಯುವ ತನಕ ಅವನನ್ನು ಒಳಗೆ ಬಿಡಲಿಲ್ಲ!

ಅಂಕಣ ಓದಿ ಊರು ಹೊಟ್ಟೆ ಹಿಡಿದು ನಕ್ಕಿತು. ನಗದವನು ಏಳನೇ ವಾರ್ಡಿನ ಸದಸ್ಯ ಈರಸಂಗಪ್ಪ ಒಬ್ಬನೇ. ಪತ್ರಿಕೆ ಹಿಡಿದು ನೇರ ಫಕೀರೇಶನ ಮನೆಗೇ ಬಂದ.

“ಇನ್ನೂರಿಪ್ಪತ್ತು ಮಂದ್ಯಾಗ ನಾ ಅದೀನೋ ಇಲ್ಲೋ?”

“ಸಾಹೇಬ್ರ, ಅದು ಕಲ್ಪನಾ!”

“ಖರೇ ವೇದಿಕೆಗೂ ಕರೀಲಿಲ್ಲ, ಸುಳ್ಳ ವೇದಿಕೆಗೂ ಕರೀಲಿಲ್ಲ! ನಾ ಏನ್ ಪಾಪ ಮಾಡೀನಿ?”

ಸಂಜೆಯೊಳಗೆ ಬಾಗಿಲಲ್ಲಿ ಸರತಿ ಸಾಲು ನಿಂತಿತು. ಮಾಜಿ ಸದಸ್ಯರು, ಮಾಜಿ ಸದಸ್ಯರ ಅಳಿಯಂದಿರು, ಮುಂದೆ ಸದಸ್ಯರಾಗುವವರು. ಗಲಾಟೆ ತಾಳಲಾರದೆ ಪುರಸಭೆಯ ಅಧ್ಯಕ್ಷರು ಅದೇ ಶೌಚಾಲಯವನ್ನು ಮತ್ತೊಮ್ಮೆ ಉದ್ಘಾಟಿಸುವುದೆಂದು ತೀರ್ಮಾನಿಸಿ ಎಲ್ಲರಿಗೂ ಆಮಂತ್ರಣ ಕೊಟ್ಟರು!

ಭಾನುವಾರ ವೇದಿಕೆ ಏರಿದವರು ಇನ್ನೂರ ಮೂವತ್ತೊಂದು. ಕೆಳಗೆ ಕೂತವನು ಫಕೀರೇಶ ಮಾತ್ರ. ಸ್ವಾಗತ ಭಾಷಣದಲ್ಲಿ ನೂರ ನಾಲ್ಕನೇ ಹೆಸರು ಬರುವ ಹೊತ್ತಿಗೆ ವೇದಿಕೆ ‘ಕಿರ್ರ್’ ಎಂದಿತು. ನೂರ ಐದನೆಯದಕ್ಕೆ ಹಿಂದಕ್ಕೆ ವಾಲಿ ಶೌಚಾಲಯದ ಗೋಡೆಗೆ ಒರಗಿತು. ಗೋಡೆಯೂ ಒರಗಿತು! ಗಣ್ಯರೆಲ್ಲ ಹಾರಗಳ ರಾಶಿಯ ಮೇಲೆ ಬಿದ್ದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಸ್ವಾಗತ ಭಾಷಣವೂ ನಿಲ್ಲಲಿಲ್ಲ.

ಫಕೀರೇಶ ಮನೆಗೆ ಓಡಿ, ಕಂಡದ್ದನ್ನೆಲ್ಲ ಬರೆದು ಜಾರಿಗೆ ಹಾಕಿದ. ಎರಡನೇ ಸ್ಪೀಡಿಗೆ ಯಂತ್ರ ಅದೇ ಚೀಟಿಯನ್ನು ಅಕ್ಷರವೂ ಬದಲಿಸದೆ ವಾಪಸು ಕೊಟ್ಟಿತು.

“ಇದಕ್ಕಿಂತ ಮುಂದ ಹೋಗಾಕ ಜಾಗ ಇಲ್ಲೋ ತಮ್ಮಾ!” ಎಂದು ನಿಂಬವ್ವ ಕೂಗುತ್ತಿದ್ದಂತೆ ಅವನು ಮೂರನೆಯದಕ್ಕೆ ತಿರುವಿದ. ಜಾರು ಢಂ ಎಂದು ಸಿಡಿಯಿತು! ಹೊಗೆಯ ನಡುವೆ ಒಂದೇ ಸಾಲು ಹೊರಬಂತು: ‘ದಯವಿಟ್ಟು ನಂಬುವಂಥ ಸುದ್ದಿ ಹಾಕಿ.’

ಅವನು ಎರಡನೇ ಸ್ಪೀಡಿಗೆ ವಾಪಸು ಬಂದಿದ್ದ ಚೀಟಿಯನ್ನೇ ಸಂಪಾದಕರಿಗೆ ಕೊಟ್ಟ. ಹೊಸಮನಿ ಓದಿ ಕಣ್ಣೊರೆಸಿಕೊಂಡು ನಕ್ಕರು.

“ಚಲೋ ಐತಿ. ಆದ್ರ ಇದು ಸುದ್ದಿ, ಮೊದಲನೇ ಪುಟಕ್ಕ ಹೋಗಲಿ. ಅಂಕಣ ಬಂದ್ ಮಾಡೂಣು. ಊರೇ ಇಷ್ಟು ಚಲೋ ವಿಡಂಬನಾ ಮಾಡುವಾಗ ನೀ ಯಾಕ ಬೇಕು?”

ಒಟ್ಟು ಹೋದದ್ದು: ಒಂದು ವೇದಿಕೆ, ಅರವತ್ತು ಕುರ್ಚಿ, ಒಂದು ಗೋಡೆ, ಒಂದು ಚಟ್ನಿ ಜಾರು, ಒಂದು ಅಂಕಣ. ನೀರನ್ನು ಎಣಿಸಿಲ್ಲ, ಅದು ಮೊದಲೇ ಇರಲಿಲ್ಲ.