ಮಗಳ ಎತ್ತರ ಉಳಿಸಲು ಹೋಗಿ

ಬೆಳೆಯುವ ವಯಸ್ಸಿನಲ್ಲಿ ಭಾರ ಎತ್ತಿದರೆ ಎಲುಬು ಕುಗ್ಗಿ, ಎತ್ತರ ಅಲ್ಲಿಗೇ ನಿಂತುಬಿಡುತ್ತದೆ ಎಂಬುದು ನನಗೆ ಖಾತ್ರಿಯಾಗಿ ಗೊತ್ತಿತ್ತು. ಹೇಗೆ ಗೊತ್ತು ಎಂದು ಕೇಳಬೇಡಿ. ರಾಮದುರ್ಗದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಎಲ್ಲವೂ ಗೊತ್ತಿರುತ್ತದೆ! ನಾನಂತೂ ಐದಡಿ ಮೂರಿಂಚಿಗೇ ನಿಂತವನು. ಮಗಳಾದರೂ ನಾಲ್ಕು ಜನರ ನಡುವೆ ಎದ್ದು ಕಾಣಲಿ ಎಂದು ನನಗೆ ನಿಜವಾಗಿಯೂ ಆಸೆಯಿತ್ತು.

ಹಾಗಾಗಿ ಹದಿನಾಲ್ಕರ ದಾನೇಶ್ವರಿ ಜಿಲ್ಲಾ ಮಟ್ಟದ ಭಾರ ಎತ್ತುವ ಸ್ಪರ್ಧೆಯ ಅರ್ಜಿ ತಂದು, ನಾಳೆಯೇ ಕಡೆಯ ದಿನ, ಸಹಿ ಹಾಕಿ ಎಂದಾಗ ನಾನು ಪೆನ್ನಿನ ಕ್ಯಾಪನ್ನೂ ತೆಗೆಯಲಿಲ್ಲ. ಅವಳ ಶಾಲೆಯ ಪಿ.ಟಿ. ಮಾಸ್ತರರು ಅಂಗಡಿಗೇ ಬಂದರು. ತೂಕ ಹಾಕದ ಬರಿಯ ರಾಡಿನಿಂದ ಶುರು ಮಾಡಿಸಿದ್ದೇನೆ, ಎದುರಿಗೆ ನಿಂತು ಕಲಿಸುತ್ತೇನೆ, ಸರಿಯಾಗಿ ಎತ್ತಿದರೆ ಬೆಳವಣಿಗೆ ನಿಲ್ಲುವುದಿಲ್ಲ, ಎಲುಬು ಗಟ್ಟಿಯಾಗುತ್ತದೆ ಎಂದರು. ನಾನು ಚಹಾ ಕುಡಿಸಿ, ಎರಡು ಟವೆಲ್ ಮಾರಿ ಕಳಿಸಿದೆ.

ಸಂಜೆ ಮನೆಗೆ ಬಂದು ಸಹಿ ಹಾಕುವುದಿಲ್ಲ ಎಂದಾಗ ದಾನೇಶ್ವರಿ ಅಳಲಿಲ್ಲ. ಅತ್ತಿದ್ದರೆ ಗದರಿಸಬಹುದಿತ್ತು. ಅರ್ಜಿ ಮಡಚಿ ಮೇಜಿನ ಮೇಲಿಟ್ಟಳು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ದಿನಾ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಅಕಿನ ಹೆಗಲ ಮ್ಯಾಲೆ ಹೊತ್ಕೊಂಡು ಬರ್ತಾಳ. ಆವಾಗ ಅಕಿ ಎಲುಬು ನೆನಪಾಗಲಿಲ್ಲೇನ್ರಿ?"

ಉತ್ತರವಿಲ್ಲದ ಗಂಡಸು ಘೋಷಣೆ ಹೊರಡಿಸುತ್ತಾನೆ. ಇಂದಿನಿಂದ ಈ ಮನೆಯ ಸಮಸ್ತ ಭಾರವನ್ನೂ ನಾನೇ ಎತ್ತತಕ್ಕದ್ದು!

ಮೊದಲ ಭಾರ ಬಾಗಿಲಲ್ಲೇ ಕೂತಿತ್ತು. ಮನೋಳಿಯ ಮಾವನವರು ಕಳಿಸಿದ ಜೋಳ. ಪೂರ್ತಿ ಚೀಲವೂ ಅಲ್ಲ, ಕಾಲು ಚೀಲ. ದಿನವಿಡೀ ನಾನು ಎತ್ತುವ ಅತಿ ಭಾರದ ವಸ್ತುವೆಂದರೆ ಬಟ್ಟೆ ಅಳೆಯುವ ಗಜ. ಆದರೂ ಲುಂಗಿ ಎತ್ತಿ ಕಟ್ಟಿ ಬಗ್ಗಿದೆ.

"ಅಪ್ಪಾ, ಮೊಣಕಾಲು ಬಗ್ಗಸ್ರಿ. ಬೆನ್ನು ನೆಟ್ಟಗಿರಲಿ," ಎಂದಳು ದಾನೇಶ್ವರಿ.

"ಹುಟ್ಟಿದಾಗಿಂದ ಜೋಳ ತಿನ್ನಾಕ ಹತ್ತೇನಿ. ನನಗ ಕಲಸಬ್ಯಾಡ."

ಚೀಲ ಗೇಣುದ್ದ ಮೇಲೆದ್ದಿತು. ನನ್ನ ಸೊಂಟದಲ್ಲಿ ಏನೋ ಕಟಕ್ ಎಂದಿತು. ಚೀಲ ಕೆಳಗೆ ಬಿತ್ತು. ನಾನು ಬಗ್ಗಿದಂತೆಯೇ ಉಳಿದೆ.

ಮಗಳು ಮೊಣಕಾಲು ಬಗ್ಗಿಸಿ ಚೀಲ ಎತ್ತಿ ಒಳಗಿಟ್ಟಳು. ಆಮೇಲೆ ಬಂದು, ಹಾಗೆಯೇ ಮೊಣಕಾಲು ಬಗ್ಗಿಸಿ, ನನ್ನನ್ನು ಹಿಡಿದು ಗೋಡೆಗೆ ಆನಿಸಿದಳು. ಮೇಜಿನ ಮೇಲಿದ್ದ ಅರ್ಜಿಗೆ ಆಗಲೇ ಸಹಿ ಹಾಕಿದೆ. ಅದಕ್ಕೆಂದು ಬೇರೆ ಬಗ್ಗಬೇಕಾಗಲಿಲ್ಲ.

ಹೆಂಡತಿ ಗಜ ತಂದು ನನ್ನನ್ನು ಅಳೆದಳು. ನಾಲ್ಕಡಿ ಹನ್ನೊಂದಿಂಚು.

ಭಾರ ಎತ್ತಿದರೆ ಎತ್ತರ ಕಡಿಮೆಯಾಗುತ್ತದೆ ಎಂದು ನಾನು ಮೊದಲೇ ಹೇಳಿದ್ದೆ!