ಒಯ್ವನಿಗೆ ಒಗ್ಗದ ಮದ್ದು

ಒಂದು ಡಬ್ಬಿ ಕೋವಿಮದ್ದು ಆರಿಸುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಅವಸರದವನಿಗೆ ಐದು ನಿಮಿಷ, ಅನುಮಾನದವನಿಗೆ ಒಂದು ವಾರ. ಒಯ್ವ ರುಸಾನೆನ್ ಮೂರು ವರ್ಷ ತೆಗೆದುಕೊಂಡಿದ್ದ. ಇನ್ನೂ ಮೂವತ್ತು ವರ್ಷ ತೆಗೆದುಕೊಳ್ಳಲು ತಯಾರಿದ್ದ.

ಐವತ್ತಾರು ವರ್ಷದ ಒಂಟಿ ಜೀವ ಅವನು. ಚಳಿಗಾಲದಲ್ಲಿ ಉತ್ತರದ ಹಿಮನಾಡಿನ ಕೈನೂ ಸೀಮೆಯ ರಸ್ತೆಗಳ ಹಿಮ ಗೋರುವ ಗಾಡಿ ಓಡಿಸುತ್ತಿದ್ದ. ಅದಕ್ಕೆ ಮುಂಚೆ, ಎಲೆ ಹಳದಿಗೆ ತಿರುಗುವ ಕಾಲಕ್ಕೆ, ಊರಿನ ಬೇಟೆ ಸಂಘದವರ ಜೊತೆ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆ. ಅಂಗಡಿಯ ಸಿದ್ಧ ತೋಟಾ ಕೊಳ್ಳುವುದೆಂದರೆ ಆ ಊರಿನ ಬೇಟೆಗಾರರಿಗೆ ನಾಚಿಕೆಗೇಡು. ಖಾಲಿ ತೋಟಾಕ್ಕೆ ತಾವೇ ಮದ್ದು ಅಳೆದು ತುಂಬಿ, ಮೇಲೊಂದು ಗುಂಡು ಕೂರಿಸಿ, ಕೈರುಚಿಯ ಬಗ್ಗೆ ಕೊಚ್ಚಿಕೊಳ್ಳುವ ಅಡುಗೆಯವರಂತೆ ಕೊಚ್ಚಿಕೊಳ್ಳುವವರು ಅವರು.

ಮದ್ದು ಸಿಗುವುದು ಹೆಲ್ವಿಯ ಅಂಗಡಿಯಲ್ಲಿ. ಗಂಡ ಸತ್ತ ಮೇಲೆ ಕೋವಿ, ಬಲೆ, ಗಾಳಗಳ ಆ ಅಂಗಡಿಯನ್ನು ಅವಳೊಬ್ಬಳೇ ನಡೆಸುತ್ತಿದ್ದಳು. ಪ್ರತಿ ಶನಿವಾರ ಹನ್ನೊಂದಕ್ಕೆ ಒಯ್ವ ಅಲ್ಲಿ ಹಾಜರು. ಹೆಲ್ವಿ ಕಾಫಿ ಬಗ್ಗಿಸಿ, ಏಲಕ್ಕಿ ಬನ್ನು ಮುಂದಿಟ್ಟು, ಡಬ್ಬಿಗಳನ್ನು ಒಂದೊಂದಾಗಿ ಇಳಿಸುವಳು.

"ಇದು ನಿಧಾನಕ್ಕೆ ಉರಿಯುತ್ತೆ, ಭಾರದ ಗುಂಡಿಗೆ ಒಳ್ಳೇದು. ಇದು ಬೇಗ ಉರಿಯುತ್ತೆ, ಹಗುರದ ಗುಂಡಿಗೆ ಸರಿ. ಇದೊಂದಕ್ಕೆ ಮಾತ್ರ ಚಳಿ ಆಗಲ್ಲ, ಥಂಡಿ ಹೆಚ್ಚಾದ್ರೆ ಮುನಿಸ್ಕೊಳ್ಳುತ್ತೆ."

ಒಯ್ವ ಡಬ್ಬಿ ನೋಡುತ್ತಿರಲಿಲ್ಲ. ಡಬ್ಬಿ ಹಿಡಿದ ಬೆರಳು ನೋಡುತ್ತಿದ್ದ. ಕೊನೆಗೆ, "ಯೋಚನೆ ಮಾಡಿ ಬರೋ ಶನಿವಾರ ಹೇಳ್ತೀನಿ," ಅನ್ನುವನು. ಹೇಳಬೇಕಾಗಿದ್ದದ್ದು ಮದ್ದಿನ ಮಾತೇ ಅಲ್ಲ. ಆ ಇನ್ನೊಂದು ಮಾತು ಒದ್ದೆ ಮದ್ದಿನ ಹಾಗೆ ಗಂಟಲಲ್ಲೇ ಕೂತುಬಿಡುತ್ತಿತ್ತು. ಎಷ್ಟು ಕಿಡಿ ತಾಗಿಸಿದರೂ ಹತ್ತುತ್ತಿರಲಿಲ್ಲ.

ಊರಿಗೆ ಇದೆಲ್ಲ ಏನು ಗೊತ್ತು? ಪಾಪ, ಒಯ್ವನಿಗೆ ಯಾವ ಮದ್ದೂ ಒಗ್ಗುತ್ತಿಲ್ಲ ಎಂದಷ್ಟೇ ಗೊತ್ತು.

ಸೆಪ್ಟೆಂಬರಿನ ಆ ಶನಿವಾರ ಒಯ್ವ ಗಡ್ಡ ಹೆರೆದು, ಇಸ್ತ್ರಿಯ ಅಂಗಿ ತೊಟ್ಟು ಹೊರಡುವಷ್ಟರಲ್ಲಿ ಪಕ್ಕದ ಮನೆಯ ಆರ್ವೊ ಬಾಗಿಲು ತಟ್ಟದೆಯೇ ಒಳಗೆ ಬಂದ.

"ಕೋವಿ ತಗೊಂಡು ನಡಿ ಮಾರಾಯ. ನಿನ್ನ ಕಷ್ಟ ಇವತ್ತಿಗೆ ಮುಗೀತು."

"ಯಾವ ಕಷ್ಟ?"

"ಅದೇ, ಮದ್ದಿಂದು! ನಿನ್ನೆ ಸೌನಾದ ಹಬೆಯಲ್ಲಿ ಸಂಘದವರೆಲ್ಲ ಕೂತು ಮಾತಾಡಿದ್ವಿ. ನಮ್ಮವನೊಬ್ಬ ಮೂರು ವರ್ಷ ಹಿಂಗೆ ಅಲೆದ್ರೆ ಸಂಘದ ಮರ್ಯಾದೆ ಏನಾಗ್ಬೇಕು? ಎಲ್ರೂ ಅವರವರ ಮದ್ದು ತುಂಬಿ ನಿನ್ನ ಕೋವಿಗೆ ಆಗೋ ತೋಟಾ ತಂದಿದ್ದಾರೆ. ಯಾವುದು ಗುರಿಗೆ ಕೂರುತ್ತೋ ಅದೇ ನಿಂದು."

"ಆದ್ರೆ ನಾನು ಅಂಗಡಿಗೆ..."

"ಇನ್ನು ಜನ್ಮದಲ್ಲಿ ನೀನು ಆ ಅಂಗಡಿ ಮೆಟ್ಲು ಹತ್ತೋ ಹಂಗಿರಲ್ಲ. ಹಂಗ್ ಮಾಡ್ತೀವಿ ನೋಡು!"

ಒಯ್ವ ಇಸ್ತ್ರಿಯ ಅಂಗಿಯ ಮೇಲೆಯೇ ಕೋವಿ ಹೆಗಲಿಗೇರಿಸಿ ಹೊರಟ.

ಗುರಿ ಹೊಡೆಯುವ ಮೈದಾನದಲ್ಲಿ ಆರೇಳು ಜನ ದಿಬ್ಬಣದವರಂತೆ ಕಾದು ನಿಂತಿದ್ದರು. ಹೆಣ್ಣು ಹೆತ್ತವರು ಮಗಳನ್ನು ಹೊಗಳುವಂತೆ ಒಬ್ಬೊಬ್ಬರೂ ತಮ್ಮ ಮದ್ದನ್ನು ಹೊಗಳಿದರು. ಒಯ್ವನಿಗೆ ಒಂದು ಉಪಾಯ ಹೊಳೆಯಿತು: ಎಲ್ಲವನ್ನೂ ತಪ್ಪಿಸಿಬಿಟ್ಟರೆ ಯಾವ ಮದ್ದೂ ಒಗ್ಗುವುದಿಲ್ಲ, ಬರುವ ಶನಿವಾರ ಮತ್ತೆ ಕಾಫಿ.

ಮೊದಲು ಬೇಟೆಯ ಮುಖಂಡ ಕೌಕೊನ ತೋಟಾ. ಒಯ್ವ ಒಂದನ್ನು ಮರಳದಿಬ್ಬಕ್ಕೆ ಹೊಡೆದ, ಒಂದನ್ನು ಕಂಬಕ್ಕೆ, ಇನ್ನೊಂದು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಕೌಕೊ ಕೆಂಪೇರಿದ. "ಈ ಮದ್ದಲ್ಲಿ ನಾನು ಹದಿನೇಳು ಮೂಸ್ ಕೆಡವಿದ್ದೀನಿ ಕಣೋ!"

"ಅವೆಲ್ಲ ನಿನ್ನ ಮುಖ ನೋಡೇ ಬಿದ್ದಿರ್ಬೇಕು," ಎಂದ ಆರ್ವೊ.

ಎರಡನೆಯವನ ತೋಟಾವೂ ದಿಕ್ಕಾಪಾಲು, ಮೂರನೆಯವನದೂ ಮಿಕ್ಕವರದೂ ಅಷ್ಟೇ. ಒಯ್ವನ ಮನಸ್ಸು ಹಗುರವಾಗುತ್ತ ಬಂತು. ಕೊನೆಗೆ ಉಳಿದದ್ದು ಆರ್ವೊನ ತೋಟಾ. ಗುರಿಯಿಂದ ಎರಡು ಮೊಳ ಆಚೆಗೆ ನಳಿಗೆ ತಿರುಗಿಸುತ್ತಿದ್ದಾಗ, ಕಾಡಿನಿಂದ ಬಂದ ಮೂಸ್‌ನೊಣವೊಂದು ಕಾಲರಿನೊಳಗೆ ನುಗ್ಗಿ ಬೆನ್ನಹುರಿಯುದ್ದಕ್ಕೂ ಹರಿದಾಡತೊಡಗಿತು. ಒಯ್ವ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಮ್ಮೆ ಮುಗಿದರೆ ಸಾಕೆಂದು ಮೂರು ಈಡನ್ನೂ ಹಾರಿಸಿ, ಅಂಗಿ ಕಿತ್ತೆಸೆದು ಕುಣಿದಾಡಿದ.

ಆರ್ವೊ ಗುರಿಯ ಹಾಳೆ ಹಿಡಿದು ಓಡಿಬಂದ. ನಟ್ಟನಡುವೆ ಮೂರು ತೂತು. ಕೌಕೊ ಜೇಬಿನಿಂದ ಎರಡು ಯೂರೋದ ಒಂದು ನಾಣ್ಯ ತೆಗೆದು ಮೇಲಿಟ್ಟ, ಮೂರೂ ಮುಚ್ಚಿಹೋದವು.

"ಸಿಕ್ತು! ಒಯ್ವನ ಮದ್ದು ಸಿಕ್ತು!" ಆರ್ವೊ ಅವನನ್ನು ಬರಿಮೈಯಲ್ಲೇ ತಬ್ಬಿಕೊಂಡ. "ತಗೋ, ಎರಡು ಕಿಲೋ ಡಬ್ಬಿ, ಸೀಲ್ ಕೂಡ ಒಡೆದಿಲ್ಲ. ಸಂಘದ ಉಡುಗೊರೆ. ವರ್ಷಕ್ಕೆ ಇಪ್ಪತ್ತು ಈಡು ಹೊಡೆಯೋನಿಗೆ ಜೀವಮಾನಕ್ಕಾಯ್ತು. ತಡಿ, ಹೆಲ್ವಿಗೂ ಫೋನ್ ಮಾಡಿ ಹೇಳ್ಬಿಡ್ತೀನಿ. ಪಾಪ, ಆಕೆಗೂ ಕಾಟ ತಪ್ಪಿತು!"

ಅಂಗಿ ತೊಟ್ಟು, ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡು ಒಯ್ವ ಕಾರು ಹತ್ತಿದ. ಮದ್ದಿನ ನೆಪ ಹೋಯಿತು. ಇನ್ನು ಉಳಿದಿರುವುದು ಆ ಒಂದು ಮಾತು. ಹೇಳಲೇಬೇಕು, ಇವತ್ತೇ ಹೇಳಬೇಕು. ದಾರಿಯುದ್ದಕ್ಕೂ ಬರ್ಚ್ ಮರಗಳಿಗೆ ಅದನ್ನು ಹೇಳಿ ಹೇಳಿ ಅಭ್ಯಾಸ ಮಾಡಿದ. ಹಿಂದೆಯೇ ಸಂಘದವರ ಮೂರು ಕಾರು ಬರುತ್ತಿರುವುದನ್ನು ಅವನು ನೋಡಲಿಲ್ಲ.

ಅಂಗಡಿಯಲ್ಲಿ ಹೆಲ್ವಿ ಕಪಾಟಿನಿಂದ ಡಬ್ಬಿಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಆರ್ವೊ ಫೋನ್ ಮಾಡಿದ್ರು. ಅಂತೂ ಸಿಕ್ತಂತಲ್ಲ, ಒಯ್ವ. ಸಂತೋಷ."

"ಇದೆಲ್ಲ... ಏನ್ ಮಾಡ್ತಿದೀರಿ?"

"ಅಂಗಡಿ ಮುಚ್ತಿದೀನಿ. ಆರ್ವೊಗೂ ಫೋನಲ್ಲೇ ಹೇಳ್ದೆ. ಎರಡು ವರ್ಷದ ಹಿಂದೇನೇ ಮುಚ್ಚಬೇಕಿತ್ತು. ತುರ್ಕು ಪಟ್ಟಣದಲ್ಲಿರೋ ತಂಗಿ ಬಾ ಬಾ ಅಂತ ಜೀವ ತಿಂತಾಳೆ. ಆದ್ರೆ ಇಲ್ಲೊಬ್ರು ಇನ್ನೂ ತೀರ್ಮಾನ ಮಾಡಿಲ್ಲ, ಅವರನ್ನ ನಡುನೀರಲ್ಲಿ ಬಿಟ್ಟು ಹೆಂಗೆ ಹೋಗ್ಲಿ? ಶನಿವಾರ ಆಗ್ಲಿ, ಶನಿವಾರ ಆಗ್ಲಿ ಅಂತ ಕಾದೆ." ಅವಳು ಕೈ ಒರೆಸಿಕೊಂಡು ನೇರವಾಗಿ ಅವನ ಮುಖ ನೋಡಿದಳು. "ಇವತ್ತು ತಂಗಿಗೆ ಬರ್ತೀನಿ ಅಂತ ಹೇಳ್ಬೇಕು. ಅದಕ್ಕೆ ಮುಂಚೆ... ನೀವು ಇನ್ನೇನಾದ್ರೂ ಕೇಳೋದಿತ್ತಾ?"

ಬರ್ಚ್ ಮರಗಳಿಗೆ ಹೇಳಿದ ಮಾತು ನಾಲಿಗೆಯ ತುದಿಗೆ ಬಂತು. ಒಯ್ವ ಬಾಯಿ ತೆರೆದ. ಹೊರಬಿದ್ದದ್ದು ಬೇರೆಯೇ.

"ಗುಂಡು," ಎಂದ. "ಮದ್ದಾಯ್ತು. ಆದ್ರೆ ಗುಂಡು ಯಾವುದು ಅಂತ ನನಗಿನ್ನೂ..."

ಹೆಲ್ವಿಯ ಮುಖ ಅರಳಿತು. "ಗುಂಡಾ? ಅಯ್ಯೋ, ಅದು ಮದ್ದಿಗಿಂತ ಕಷ್ಟ. ಮೂರು ವರ್ಷ ಎಲ್ಲಿ ಸಾಕಾಗುತ್ತೆ!" ತುಂಬಿದ ಪೆಟ್ಟಿಗೆಯಿಂದ ಒಂದು ಡಬ್ಬಿಯನ್ನು ಅವಳು ಆಗಲೇ ಹೊರಗೆ ತೆಗೆದಿದ್ದಳು.

ಅಷ್ಟರಲ್ಲಿ ದಡಾರನೆ ಬಾಗಿಲು ತೆರೆಯಿತು. ಹಿಂದೆ ಇಡೀ ಸಂಘ, ಮುಂದೆ ಆರ್ವೊ, ಅವನ ಕೈಯಲ್ಲೊಂದು ಭಾರದ ರಟ್ಟಿನ ಪೆಟ್ಟಿಗೆ.

"ಗುಂಡಿನ ಚಿಂತೇನೂ ಬೇಡ!" ಅವನು ಅದನ್ನು ಗಲ್ಲಾದ ಮೇಲೆ ಧೊಪ್ಪನೆ ಇಟ್ಟ. "ಆ ಮದ್ದಿಗೆ ಯಾವುದು ಕೂರುತ್ತೆ ಅಂತ ನೋಡಿ, ಒಂದು ಸಾವಿರ ತಂದಿದ್ದೀವಿ. ಇವನಿಗೆ ಇನ್ನು ಸಾಯೋವರೆಗೂ ಏನೂ ಬೇಡ, ಹೆಲ್ವಿ. ನೀವು ನಿಶ್ಚಿಂತೆಯಾಗಿ ಹೊರಡಿ."