ಜರಡಿ ಹಿಡಿದ ಸಮುದ್ರ

ಬೆಳಿಗ್ಗೆಯಿಂದ ನೆಟ್ಟಕ್ಕ ತುಟಿ ಎರಡು ಮಾಡದೆ ಮರಳಿಗೆ ಜರಡಿ ಹಿಡಿಯುತ್ತಿದ್ದಳು. ಅದು ಹಿಟ್ಟಿನ ಜರಡಿ; ಅತ್ತಿಗೆಗೆ ತಿಳಿಯದಂತೆ ಮನೆಯಿಂದ ತಂದದ್ದು. ಕಲ್ಲು, ಬೇರಿನ ಚೂರು, ಗಾಜಿನ ಹರಳು ಮೇಲೆ ಉಳಿಯುತ್ತಿದ್ದವು. ಕೆಳಗೆ ನುಣ್ಣನೆಯ ಮರಳು, ಕಣ್ಣಿಗೆ ನಿದ್ದೆ ಇಳಿದಂತೆ ಸದ್ದಿಲ್ಲದೆ ಇಳಿಯುತ್ತಿತ್ತು.

ವಿಶ್ವವಿದ್ಯಾಲಯದ ಆಟದ ಸಾಮಾನಿನ ಉಗ್ರಾಣ ನೋಡಿಕೊಳ್ಳುವುದು, ಹರಿದ ನೆಟ್ಟು ಹೊಲಿಯುವುದು ಅವಳ ಕೆಲಸ. ಆ ಹೆಸರು ಬಂದದ್ದು ಹಾಗೆ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಸಮುದ್ರವನ್ನು ಅವಳು ಉಗ್ರಾಣದ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದಳು. ಚಿತ್ರ ಮರೆಯಾದೀತೆಂದು ನಾಲ್ಕು ವರ್ಷದಿಂದ ಹಾಳೆ ಮಗುಚಿರಲಿಲ್ಲ. ಹಳೆಯ ಚೆಂಡಿನ ಗಾಳಿ ಬಿಡುವಾಗಲೆಲ್ಲ ಕಣ್ಣು ಮುಚ್ಚಿ ಆ ‘ಸ್ಸ್’ ಸದ್ದಿಗೆ ಕಿವಿಗೊಡುತ್ತಿದ್ದಳು. ಅಲೆ ಹಿಂದೆ ಸರಿಯುವಾಗ ಹೀಗೇ ಕೇಳಿಸೀತು ಎಂಬುದು ಅವಳ ಅಂದಾಜು.

ಮಹಿಳೆಯರ ಬೀಚ್ ವಾಲಿಬಾಲನ್ನು ವಿಶ್ವವಿದ್ಯಾಲಯದ ಆಟಗಳ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಅಂದು ನಾಲ್ಕು ಗಂಟೆಗೆ ಸಮಿತಿ ಬಂದು ತೀರ್ಮಾನಿಸುವುದಿತ್ತು. ಕೋಚ್ ಮೇಡಂ ಮನವಿಯಲ್ಲಿ ಎರಡು ಕೇಳಿದ್ದರು. ಆಟವನ್ನು ಸೇರಿಸಬೇಕು. ತಂಡವನ್ನು ಕಡಲತೀರದ ಪಂದ್ಯಾವಳಿಗೆ ಕಳಿಸಬೇಕು. ತಂಡ ಹೊರಟರೆ ಅಂಕಣ ನೋಡಿಕೊಳ್ಳುವವರೊಬ್ಬರು ಜೊತೆಗೆ ಹೋಗಲೇಬೇಕಿತ್ತು. ಆ ಒಬ್ಬರು ನೆಟ್ಟಕ್ಕ. ಒಂದು ವಾರದಿಂದ ಅವಳ ನಿದ್ದೆಯಲ್ಲೆಲ್ಲ ನೀರೇ ನೀರು.

ಕಚೇರಿಯದು ಒಂದು ಹಳೆಯ ಪದ್ಧತಿ: ಯಾರು ಏನು ಕೇಳಿದರೂ ಅರ್ಧ ಮಂಜೂರು. ಇದು ಗೊತ್ತಿದ್ದ ಮೇಡಂ, ಎರಡು ಲಾರಿ ಮರಳು ಬೇಕಿದ್ದಾಗ ನಾಲ್ಕು ಕೇಳಿದ್ದರು. ಮೇಡಂಗೆ ಗೊತ್ತಿದೆ ಎಂಬುದು ಗುಮಾಸ್ತರಿಗೂ ಗೊತ್ತಿತ್ತು. ಒಂದೇ ಲಾರಿ ಬಂತು. ಹೀಗಾಗಿ ನೆಟ್ಟಿನ ಈಚೆ ಕಡಲತೀರ, ಆಚೆ ಗಟ್ಟಿ ನೆಲ.

“ಅರ್ಧ ಮರಳಲ್ಲಿ ಆಡೋದು ಹೇಗೆ ಮೇಡಂ?” ಎಂದಳು ಇಬ್ಬರು ಆಟಗಾರ್ತಿಯರಲ್ಲಿ ಉದ್ದನೆಯವಳು.

“ನೀವಿಬ್ರೂ ಈ ಕಡೆ ನಿಂತ್ಕೊಳ್ಳಿ. ಆ ಕಡೆಯಿಂದ ನಾನು ಚೆಂಡು ಕಳಿಸ್ತೀನಿ. ಸಮಿತಿಯವರ ಕುರ್ಚಿ ಹೀಗೆ ಹಾಕಿದ್ರೆ ಆಚೆ ನೆಲ ಕಾಣಲ್ಲ.”

“ಒಳಗಡೆ ಆಟದಲ್ಲಿ ಆರು ಜನ, ನಾನು ಮೂರು ವರ್ಷದಿಂದ ಬೆಂಚು ಕಾಯ್ತಿದ್ದೀನಿ,” ಎಂದಳು ಗಿಡ್ಡಿ. “ಇಲ್ಲಿ ಇಬ್ಬರೇ. ಇವತ್ತು ಬೇಡ ಅಂದ್ರೆ ನಾನು ಆಟಾನೇ ಬಿಟ್ಟೆ, ನೋಡ್ತಿರಿ.”

ಹುಡುಗಿಯರು ಪಾಠಕ್ಕೆ ಹೋದ ಮೇಲೆ ಲೈಬ್ರರಿಯನ್ ಎರಡು ಕೆಂಪು ಬಕೆಟ್ ಹಿಡಿದು ಬಂದರು. ಅವರು ಸಮಿತಿಯ ಸದಸ್ಯರು.

“ಅಲ್ಲಮ್ಮಾ, ಸಮುದ್ರಾನೇ ಇಲ್ಲದ ಊರಿಗೆ ಬೀಚ್ ಆಟ ಯಾಕೆ? ನಾನಂತೂ ಬೇಡ ಅಂತೀನಿ,” ಎನ್ನುತ್ತಲೇ ಎರಡೂ ಬಕೆಟ್ ತುಂಬಿಕೊಂಡರು. “ಲೈಬ್ರರೀಲಿ ಬೆಂಕಿಗಿಂಕಿ ಬಿದ್ರೆ ಇರ್ಲಿ.”

ಆಮೇಲೆ ಉದ್ದ ಜಿಗಿತದ ಕೋಚ್ ತಳ್ಳುಗಾಡಿ ತಂದ. “ನೆಟ್ಟಕ್ಕಾ, ಒಂದೇ ಗಾಡಿ! ನಮ್ಮ ಗುಂಡಿ ಇಟ್ಟಿಗೆ ಥರ ಆಗೋಗಿದೆ. ನಾಳೆ ವಾಪಸ್.” ಒಂದು ಗಾಡಿ ಐದಾಯಿತು.

ನೆಟ್ಟಕ್ಕನ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು. ಬಾಯಿ ಮಾತ್ರ ಏಳುತ್ತಿರಲಿಲ್ಲ. ‘ಬೇಡ’ ಎಂಬ ಮಾತು ಕೈಚೀಲದ ತಳಕ್ಕೆ ಸೇರಿದ ಬೀಗದ ಕೈಯಂತೆ. ಹುಡುಕಿ ತೆಗೆಯುವಷ್ಟರಲ್ಲಿ ಬಂದವರು ಹೊರಟಿರುತ್ತಿದ್ದರು.

ಮೂರೂವರೆಗೆ ಅಂಕಣದಲ್ಲಿ ಕಾಲಿಟ್ಟರೆ ಹೆಬ್ಬೆರಳಿಗೆ ನೆಲ ತಗುಲಿತು. ಅವಳು ಉಗ್ರಾಣದ ತಳ್ಳುಗಾಡಿ ಹಿಡಿದು ದಿಬ್ಬದ ಮೇಲಿನ ಜಿಗಿತದ ಗುಂಡಿಗೆ ಓಡಿದಳು. ಅಲ್ಲಿ ಯಾರೂ ಕಾಣಲಿಲ್ಲ. ಬಗ್ಗಿ ಗೋರತೊಡಗಿದಳು. ಕೈ ಮರಳಲ್ಲಿತ್ತು, ಮನಸ್ಸು ಕ್ಯಾಲೆಂಡರಿನಲ್ಲಿತ್ತು. ಗಾಡಿ ತುಂಬುವ ಹೊತ್ತಿಗೆ ಅಲೆಯೊಂದು ಪಾದದವರೆಗೂ ಬಂದಿತ್ತು.

“ಪಕ್ಕಕ್ಕೆ ಅಕ್ಕಾ!”

ಕೂಗು ಆಕಾಶದಿಂದ ಬಂತು. ಹಿಂದೆಯೇ ಜಿಗಿತಗಾರನೂ ಬಂದು ನೇರ ಗಾಡಿಯೊಳಗೆ ಕುಳಿತ. ಗಾಡಿ ಮದುವೆ ದಿಬ್ಬಣದ ಕುದುರೆಯಂತೆ ಒಮ್ಮೆ ತಲೆ ಎತ್ತಿ, ದಿಬ್ಬ ಇಳಿದು, ನೆಟ್ಟಿನ ಈಚೆಗೆ ಸರಿಯಾಗಿ ಮಗುಚಿತು. ಅದೇ ಹೊತ್ತಿಗೆ ಕುಲಪತಿಗಳು, ಲೈಬ್ರರಿಯನ್, ಗುಮಾಸ್ತರು, ಹೀಗೆ ಸಮಿತಿಯ ಮೂವರೂ ಬಂದು ನಿಂತಿದ್ದರು.

“ಇವನೂ ಮಹಿಳಾ ತಂಡದಲ್ಲಿದ್ದಾನಾ?” ಕುಲಪತಿಗಳು ಕೇಳಿದರು.

“ಇಲ್ಲ ಸಾರ್, ಮರಳು ತಂದ,” ಎಂದರು ಮೇಡಂ. ಜಿಗಿತಗಾರ ಬಟ್ಟೆ ಕೊಡವಿಕೊಂಡು ಕುಂಟುತ್ತ ಮಾಯವಾದ. ನೆಟ್ಟಕ್ಕ ಏದುಸಿರು ಬಿಡುತ್ತ ಬಂದು ಮರಳನ್ನು ಅಂಗೈಯಿಂದ ಸವರಿ ಹರಡಿದಳು.

ಆಟ ಶುರುವಾಯಿತು. ಉದ್ದನೆಯವಳು ಎಗರಿ ಹೊಡೆದಳು. ಗಿಡ್ಡಿ ಈಜುವವಳಂತೆ ಬಿದ್ದು ಚೆಂಡನ್ನು ಎತ್ತಿದಳು. ಚೆಂಡು ಸಂಜೆಯ ಬಿಸಿಲಲ್ಲಿ ಇಳಿಯುವ ಮನಸ್ಸೇ ಇಲ್ಲದಂತೆ ತೇಲಿತು. ಕುಲಪತಿಗಳು ಚೆಂಡು ನೋಡುವುದು ಬಿಟ್ಟು ನೆಲ ನೋಡುತ್ತಿದ್ದರು. ಬೆಳಿಗ್ಗೆಯಿಂದ ಹೊಸ ಬೂಟು ಅವರ ಕಾಲನ್ನು ಹಿಂಡಿತ್ತು. ಮೆಲ್ಲನೆ ಬೂಟು ಕಳಚಿ, ಪಾದ ಮರಳಿಗಿಟ್ಟು, “ಆಹಾ!” ಎಂದರು. ಗುಮಾಸ್ತರೂ ಚಪ್ಪಲಿ ಬಿಟ್ಟರು. ಕೊನೆಗೆ ಲೈಬ್ರರಿಯನ್ ಕುರ್ಚಿ ಬಿಟ್ಟು ಮರಳಲ್ಲೇ ಕಾಲು ಚಾಚಿದರು.

“ಬೇಡ ಅಂತಿದ್ರಲ್ಲ?” ಗುಮಾಸ್ತರು ಕೇಳಿದರು.

“ಬಕೆಟ್‌ನಲ್ಲಿ ನೋಡಿದಾಗ ಇಷ್ಟು ಗೊತ್ತಾಗಲಿಲ್ಲ ರೀ.”

“ಬರ್ಕೊಳ್ಳಿ,” ಎಂದರು ಕುಲಪತಿಗಳು, ಕಣ್ಣು ಅರ್ಧ ಮುಚ್ಚಿ. “ಆಟ ಸೇರಿಸಿದ್ದೇವೆ.”

ಹುಡುಗಿಯರು ಕಿರುಚಿದರು. ನೆಟ್ಟಕ್ಕನ ಕಿವಿಯಲ್ಲಿ ಅಲೆ ಮೊರೆಯಿತು.

“ಸಾರ್, ಮನವೀಲಿ ಎರಡು ಕೇಳಿದ್ದಾರೆ,” ಗುಮಾಸ್ತರು ನೆನಪಿಸಿದರು.

“ಅರ್ಧ ಕೊಟ್ಟಾಯ್ತಲ್ಲ. ಇಂಥ ಮರಳು ಇರೋವಾಗ ಸಮುದ್ರಕ್ಕೆ ಯಾಕ್ರೀ ಹೋಗೋದು? ಎಲ್ಲ ತಂಡದವ್ರನ್ನೂ ಇಲ್ಲಿಗೇ ಕರೆಸಿ. ಇನ್ನೂ ಆರು ಲಾರಿ ತರಿಸಿ. ಇದನ್ನ ಜರಡಿ ಹಿಡಿದವರು ಯಾರೋ, ಅವರೇ ಅದನ್ನೂ ಹಿಡೀಲಿ.”

ಮೇಡಂ, ಹುಡುಗಿಯರು ಸುದ್ದಿ ಹೇಳಲು ಹಾಸ್ಟೆಲ್ಲಿನ ಕಡೆ ಓಡಿದರು. ಸಮಿತಿ ಮಾತ್ರ ಏಳಲಿಲ್ಲ. ಮರಳು ತಣ್ಣಗಿತ್ತು, ಗಾಳಿ ಹಿತವಾಗಿತ್ತು. ಮೂವರೂ ದಡಕ್ಕೆ ಎಳೆದಿಟ್ಟ ದೋಣಿಗಳಂತೆ ಸಾಲಾಗಿ ಮಲಗಿದ್ದರು.

ನೆಟ್ಟಕ್ಕ ಜರಡಿ ಎದೆಗವುಚಿ ಅವರ ಹತ್ತಿರ ಬಂದಳು. ಕೊನೆಗೆ, ಆ ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

“ಸಾರ್, ನನಗೆ ಒಂದು ಸಲ ಸಮುದ್ರ ತೋರಿಸಿ.”

ಕುಲಪತಿಗಳ ಮೂಗಿನಿಂದ ‘ಸ್ಸ್’ ಎಂದು ಅಲೆಯೊಂದು ಹಿಂದೆ ಸರಿಯಿತು.